ಪಾರ್ಟಿಷನ್ ತೆಗೆದ ಭಾನುವಾರ

ಭಾನುವಾರ ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ನನ್ನ ಮದುವೆಯ ಮುಹೂರ್ತ ಎಷ್ಟು ಹೊತ್ತಿಗೆ ಎಂದು ಯಾರಾದರೂ ಕೇಳಿದರೆ 'ಬೆಳಿಗ್ಗೆ ಯಾವಾಗಲೋ' ಎನ್ನುವ ನಾನು ಈ ಹೊತ್ತನ್ನು ಮಾತ್ರ ನಿಮಿಷ ಸಮೇತ ಹೇಳಬಲ್ಲೆ. ಶಾಸ್ತ್ರಿಗಳ ನಡುಮನೆಯಲ್ಲಿ ಕಂಪ್ಯೂಟರಿನ ನೆತ್ತಿಗೆ ಸರಿಯಾಗಿ ಒಂದು ಗೋಡೆ ಗಡಿಯಾರವಿತ್ತು. ಅದನ್ನು ತೋರಿಸಿ ಅವರ ಮನೆಯಾಕೆ ಕಮಲಮ್ಮನವರು, "ನಾಲ್ಕೂವರೆಗೇ ರಾಹುಕಾಲ ಬಂತು ಕಣಪ್ಪಾ. ಆರು ಗಂಟೆ ಕಳೀಲಿ, ಕಾಫಿ ಕುಡಿದು ಆಮೇಲೆ ಅದೇನು ಮಾಡ್ತೀಯೋ ಮಾಡು" ಎಂದಿದ್ದರು. ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವನು. "ಅಮ್ಮಾ, ಇದರ ಒಳಗೆ ಬೇರೆ ಗಡಿಯಾರ ಇದೆ, ಅದರಲ್ಲಿ ರಾಹುಕಾಲ ಬರೋದಿಲ್ಲ" ಎಂದು ನಕ್ಕೆ. ಇಷ್ಟು ವರ್ಷವಾದರೂ ನನ್ನ ಆ ನಗು ನನಗೇ ಕೇಳಿಸುತ್ತದೆ. ಕೇಳಿಸಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಕಂಪ್ಯೂಟರ್ ಏನೂ ಗೊತ್ತಿಲ್ಲದವರಿಂದ ಅದಕ್ಕೆ ಯಾವ ಅಪಾಯವೂ ಇಲ್ಲ; ಅವರು ಅದರ ಹತ್ತಿರವೇ ಹೋಗುವುದಿಲ್ಲ. ಪೂರ್ತಿ ಗೊತ್ತಿರುವವರಿಂದಲೂ ಇಲ್ಲ, ಅವರಿಗೆ ಭಯವಿರುತ್ತದೆ. ಅಪಾಯವೆಲ್ಲ ನನ್ನಂಥವರಿಂದ: ಒಂದು ಕೆಲಸವನ್ನು ಎರಡು ಸಲ ಮಾಡಿ, ಎರಡನೆಯ ಸಲ ಅದು ಹೇಗೋ ಸರಿಹೋಗಿ, ಆಮೇಲೆ ಊರಿಗೆಲ್ಲ ಸಲಹೆ ಕೊಡುತ್ತ ತಿರುಗುವವರಿಂದ.

ಶಾಸ್ತ್ರಿಗಳು ಎಂದರೆ ನಮ್ಮ ಬೀದಿಯ ಪುರೋಹಿತರು, ಆಗ ಎಪ್ಪತ್ತೆರಡು ವರ್ಷ. ಅವರ ಅಜ್ಜನ ಕಾಲದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಇನ್ನೂರಕ್ಕೂ ಹೆಚ್ಚು ಮನೆಗಳಿಗೆ ಶ್ರಾದ್ಧ ಮಾಡಿಸುತ್ತಿದ್ದ ಮನೆತನ. ಯಾವ ಮನೆಯಲ್ಲಿ ಯಾರು ಯಾವ ಮಾಸ, ಯಾವ ಪಕ್ಷ, ಯಾವ ತಿಥಿಯಲ್ಲಿ ತೀರಿಕೊಂಡರು ಎಂಬುದೆಲ್ಲ ಮೂರು ಉದ್ದನೆಯ ಪುಸ್ತಕಗಳಲ್ಲಿತ್ತು. ವರ್ಷಕ್ಕೊಮ್ಮೆ ಆ ತಿಥಿ ಯಾವ ಇಂಗ್ಲಿಷ್ ತಾರೀಖಿಗೆ ಬರುತ್ತದೆ ಎಂದು ಪಂಚಾಂಗ ನೋಡಿ ಪ್ರತಿ ಮನೆಗೂ ಒಂದು ಕಾರ್ಡು ಬರೆಯುತ್ತಿದ್ದರು. ಮನೆಯವರು ಆ ಕಾರ್ಡನ್ನು ಗೋಡೆಗೆ ಸಿಕ್ಕಿಸಿ, ತಾರೀಖು ನೋಡಿ ರಜೆ ಹಾಕಿ, ತಿಥಿಯನ್ನು ಮರೆತು ನೆಮ್ಮದಿಯಾಗಿರುತ್ತಿದ್ದರು. ನಾನೂ ಹಾಗೆಯೇ.

ಅವರಿಗೆ ಕಂಪ್ಯೂಟರ್ ಬಂದದ್ದು ದಾನವಾಗಿ. ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರು ತಂದೆಯ ಕರ್ಮಾಂತರದಲ್ಲಿ ಗೋದಾನ ಮಾಡಬೇಕಿತ್ತು. ಶಾಸ್ತ್ರಿಗಳು, "ಹಸು ತಗೊಂಡು ಎಲ್ಲಿ ಕಟ್ಟಲಪ್ಪಾ, ಹಿತ್ತಲೆಲ್ಲ ತಮ್ಮನ ಪಾಲಿಗೆ ಹೋಗಿದೆ" ಎಂದರಂತೆ. ವ್ಯಾಪಾರಿ ಅಂಗಡಿಗೆ ಹೊಸದು ತರಿಸಿದ್ದರಿಂದ ಹಳೆಯ ಕಂಪ್ಯೂಟರನ್ನು, ಪ್ರಿಂಟರ್ ಸಮೇತ, ಹೂವಿನ ಹಾರ ಹಾಕಿ ದಾನ ಕೊಟ್ಟರು. ಅಲ್ಲಿಂದ ಎರಡು ವರ್ಷ ಶಾಸ್ತ್ರಿಗಳು ಎರಡೇ ಬೆರಳಲ್ಲಿ, ಪ್ರತಿ ಅಕ್ಷರಕ್ಕೂ ಕನ್ನಡಕ ಸರಿಮಾಡಿಕೊಂಡು, ಮೂರೂ ಪುಸ್ತಕಗಳನ್ನು ಅದರೊಳಗೆ ಇಳಿಸಿದರು. ಪುಸ್ತಕಗಳು ಹುಳ ತಿಂದು ಜರಡಿಯಂತಾಗಿದ್ದವು. "ಎಲ್ಲಾ ಒಳಗೆ ಸೇರಿತಲ್ಲ ಶಾಸ್ತ್ರಿಗಳೇ, ಇನ್ನು ಇವನ್ನ ಯಾಕೆ ಇಟ್ಕೊಂಡಿದೀರಿ? ಹೊಸ ಕಾಗದಕ್ಕೂ ಹುಳ ಹತ್ತುತ್ತೆ" ಎಂದು ಸಲಹೆ ಕೊಟ್ಟವನು ಯಾರು ಎಂದು ನೀವು ಕೇಳುವುದು ಬೇಡ. ಪವಿತ್ರವಾದ ಕಾಗದವನ್ನು ಕಸಕ್ಕೆ ಹಾಕುವ ಹಾಗಿಲ್ಲ. ಅರಿಶಿನ ಕುಂಕುಮ ಇಟ್ಟು ಹೇಮಾವತಿಯಲ್ಲಿ ಬಿಟ್ಟರು. ಮೂರರಲ್ಲಿ ಒಂದನ್ನು ಹೊಳೆಯವರೆಗೆ ಹೊತ್ತವನು ನಾನೇ.

ಇನ್ನು ಪುಟ್ಟಸ್ವಾಮಿ. ದಂಡಿಗನಹಳ್ಳಿ ಕಡೆಯ ರೈತರ ಮನೆಯವನು, ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿ. ಭೌತಶಾಸ್ತ್ರದಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಪರೀಕ್ಷೆ ಕಟ್ಟದೆ, ಬಸ್ ಸ್ಟ್ಯಾಂಡಿನ ಎದುರಿಗೆ ಕಂಪ್ಯೂಟರ್ ಟೈಪಿಂಗ್ ಅಂಗಡಿ ಇಟ್ಟುಕೊಂಡು ಊರಿನ ಲಗ್ನಪತ್ರಿಕೆಗಳನ್ನೆಲ್ಲ ಅಚ್ಚುಕಟ್ಟಾಗಿ ಮಾಡಿಕೊಡುತ್ತಿದ್ದ. ಶಾಸ್ತ್ರಿಗಳಿಗೆ ಕನ್ನಡ ಟೈಪಿಂಗ್ ಕಲಿಸಿದವನೂ ಅವನೇ. ಪ್ರತಿ ಶನಿವಾರ ಸಂಜೆ ಅವನ ಅಂಗಡಿಯ ಬೆಂಚಿನ ಮೇಲೆ ನಮ್ಮಿಬ್ಬರಿಗೂ ಯುದ್ಧ. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಯಜಮಾನನಂಥ ತಂತ್ರಾಂಶ ಒಂದಿರುತ್ತದಲ್ಲ, ಅದು ಯಾವುದಿದ್ದರೆ ಒಳ್ಳೆಯದು ಎಂಬುದೇ ವಿಷಯ. ಅವನದು ವಿಂಡೋಸ್ ಪಕ್ಷ. ಅದನ್ನು ನಾನು ಕಿಟಕಿ ಎಂದು ಹಂಗಿಸುತ್ತಿದ್ದೆ. ನನ್ನದು ಲಿನಕ್ಸ್, ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಯಿಂದ ನನಗೆ ಹತ್ತಿದ್ದ ಹುಚ್ಚು ಅದು. ಅದರ ಗುರುತು ಪೆಂಗ್ವಿನ್ ಹಕ್ಕಿ. ಪುಟ್ಟಸ್ವಾಮಿ ಅದನ್ನು ಒಂದು ದಿನವೂ ಪೆಂಗ್ವಿನ್ ಎನ್ನಲಿಲ್ಲ, ಬಾತುಕೋಳಿ ಎಂದೇ ಕರೆದ.

"ನಿನ್ನ ಕಿಟಕಿ ದಿನಕ್ಕೆ ಎಷ್ಟು ಸಲ ಮುಚ್ಕೊಳ್ಳುತ್ತೋ ಪುಟ್ಟಸ್ವಾಮಿ? ನನ್ನದು ತಿಂಗಳುಗಟ್ಟಲೆ ನಿಲ್ಲದೆ ಓಡುತ್ತೆ."

"ಓಡ್ತದೆ ಸಾ, ಯಾರ್ ಬ್ಯಾಡ ಅಂದೋರು? ಓಡಿ ಎಲ್ಲಿಗ್ ಓಯ್ತದೆ? ಪ್ರಿಂಟ್ರು ಅಂದ್ರೆ ಗೊತ್ತಿಲ್ಲ, ಮೋಡೆಮ್ಮು ಅಂದ್ರೆ ಗೊತ್ತಿಲ್ಲ, ಸೌಂಡು ಬರಾಕಿಲ್ಲ. ಬಾಯಿಲ್ಲದ ಬಾತುಕೋಳಿ ಕಣ್ ಸಾ ಅದು."

"ಸ್ಥಿರತೆ ಮುಖ್ಯ ಕಣೋ! ಮೊದಲು ಪಾರ್ಟಿಷನ್ ಸರಿಯಾಗಿ ಮಾಡಿದರೆ ಎರಡೂ ಒಂದೇ ಡಿಸ್ಕಿನಲ್ಲಿ ಜಗಳ ಇಲ್ಲದೆ ಇರುತ್ತೆ."

ಈ ಮಾತಿಗೆ ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಟವೆಲ್ ಸರಿಮಾಡಿಕೊಂಡು ಹತ್ತಿರ ಬಂದರು. "ಅಲ್ಲ ಮೇಷ್ಟ್ರೇ, ಆವಾಗಿಂದ ಪಾರ್ಟಿಷನ್ನು ಪಾರ್ಟಿಷನ್ನು ಅಂತಿದೀರಿ. ಯಾವ ಸರ್ವೆ ನಂಬ್ರು? ಹೆಣ್ಮಕ್ಕಳ ಸೈನ್ ಆಗೈತಾ?" ನಮ್ಮ ಕಡೆ ಆ ಪದಕ್ಕೆ ಇರುವುದು ಅದೊಂದೇ ಅರ್ಥ. ಪಾರ್ಟಿಷನ್ ಎಂದರೆ ಅಣ್ಣತಮ್ಮಂದಿರ ಭಾಗ, ಅಂಗಳದ ನಡುವೆ ಎದ್ದ ಗೋಡೆ, ಹಾಸನದ ಕೋರ್ಟಿಗೆ ಮೊದಲ ಬಸ್ಸು. ಆ ದಿನ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ಹಿರಿಯರ ಮಾತನ್ನು ನಗುವ ಬದಲು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ.

ಶಾಸ್ತ್ರಿಗಳ ಕಂಪ್ಯೂಟರ್ ಆಗಾಗ ಕಲ್ಲಿನಂತೆ ಕೂತುಬಿಡುತ್ತಿತ್ತು. ಹೊಗೆಸೊಪ್ಪಿನ ಧೂಳು ಮತ್ತು ನಮ್ಮೂರಿನ ಕರೆಂಟು ಕಾರಣ ಎಂದು ಪುಟ್ಟಸ್ವಾಮಿ. ಯಜಮಾನನನ್ನೇ ಬದಲಾಯಿಸಬೇಕು ಎಂದು ನಾನು. ನಮ್ಮ ವಾದ ಅವರ ಮನೆಯವರೆಗೂ ಹೋಯಿತು. ಪ್ರಿಂಟರಿಗೂ ಹೊಸ ತಂತ್ರಾಂಶಕ್ಕೂ ಹೊಂದಿಕೆಯಾಗುತ್ತದೋ ಇಲ್ಲವೋ ಎಂಬ ಚರ್ಚೆಯನ್ನು ಶಾಸ್ತ್ರಿಗಳು ಬಹಳ ಗಮನವಿಟ್ಟು ಕೇಳಿ, "ಅಂದ್ರೆ ಸಾಲಾವಳಿ ಕೂಡಿ ಬರಬೇಕು ಅನ್ನಿ. ಹುಡುಗಿ ಎಷ್ಟೇ ಗುಣವಂತೆ ಆಗಿರಲಿ, ನಾಡಿದೋಷ ಇದ್ರೆ ಆ ಮನೆಗೆ ಆಗಲ್ಲ. ನಮ್ಮ ಪ್ರಿಂಟರಿನ ನಕ್ಷತ್ರ ಯಾವುದೋ ಏನೋ" ಎಂದರು. ಹಾರ್ಡ್‌ವೇರ್ ಹೊಂದಾಣಿಕೆಯನ್ನು ಇಷ್ಟು ಸ್ಪಷ್ಟವಾಗಿ ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. "ಹಳೆಯದೂ ಇರುತ್ತೆ, ಪಕ್ಕದಲ್ಲಿ ಹೊಸದೂ ಇರುತ್ತೆ, ನಿಮಗೆ ಬೇಕಾದ್ದು ತೆಗೀರಿ" ಎಂದು ಭರವಸೆ ಕೊಟ್ಟು ಆ ಭಾನುವಾರ ಸೀಡಿ ಹಿಡಿದು ಹೋದೆ. ಪುಟ್ಟಸ್ವಾಮಿಯೂ ಬಂದ, ನನ್ನ ಬಾತುಕೋಳಿ ಮುಳುಗುವುದನ್ನು ಕಣ್ಣಾರೆ ನೋಡಲು.

ಮೊದಲರ್ಧ ಗಂಟೆ ಎಲ್ಲ ಸುಸೂತ್ರ. ಆಮೇಲೆ ಪ್ರಿಂಟರಿನ ವೈರು ಸಡಿಲವಾಗಿದೆಯೆಂದು ಪುಟ್ಟಸ್ವಾಮಿ ಅಂಗಡಿಯಿಂದ ಬೇರೆ ತರಲು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ನಾನ್ ಬರೋಗಂಟ ಏನೂ ಒತ್ಬ್ಯಾಡಿ ಸಾ. ಇದು ಕಾಲೇಜ್ ಲ್ಯಾಬ್ ಅಲ್ಲ" ಎಂದ. ಭೌತಶಾಸ್ತ್ರದಲ್ಲಿ ಎರಡು ಸಲ ಫೇಲಾದವನು ನನಗೆ ಹೇಳುತ್ತಾನೆ! ಅವನು ಬರುವಷ್ಟರಲ್ಲಿ ಮುಗಿಸಿ, ಕಾಲ ಮೇಲೆ ಕಾಲು ಹಾಕಿ ಕೂತಿರಬೇಕು ಎಂದು ಆ ಕ್ಷಣವೇ ನಿಶ್ಚಯಿಸಿದೆ.

ಪರದೆಯ ಮೇಲೆ ಮೂರು ಆಯ್ಕೆಗಳು ಬಂದವು. "ಏನು ಕೇಳ್ತಿದೆ ಮೇಷ್ಟ್ರೇ?" ಎಂದರು ಶಾಸ್ತ್ರಿಗಳು. ನಾನು ಮೊದಲನೆಯದನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಹೇಳಿದೆ: "ಇರುವ ಪಾರ್ಟಿಷನ್ ಎಲ್ಲಾ ತೆಗೆದುಹಾಕಲಾ ಅಂತ ಕೇಳ್ತಿದೆ."

ಶಾಸ್ತ್ರಿಗಳ ಅಂಗಳದಲ್ಲಿ ಆಳೆತ್ತರದ ಗೋಡೆಯೊಂದಿದೆ. ಅದರ ಆಚೆ ಅವರ ಒಡಹುಟ್ಟಿದ ತಮ್ಮ. ಹನ್ನೊಂದು ವರ್ಷ ಕೋರ್ಟಿನಲ್ಲಿ ನಡೆದು ಎದ್ದ ಗೋಡೆ ಅದು. ಶಾಸ್ತ್ರಿಗಳು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಪಾರ್ಟಿಷನ್ ತೆಗೆದುಹಾಕುತ್ತಂತಾ? ಇದಾ? ಕೇಳಿದ್ಯೇನೇ ಕಮಲೂ, ಮುನ್ಸೀಫರ ಕೈಲಿ ಆಗದೇ ಇದ್ದದ್ದು ಈ ಪೆಟ್ಟಿಗೆ ಮಾಡುತ್ತಂತೆ!"

ಕಮಲಮ್ಮನವರು ಅಡುಗೆಮನೆಯಿಂದಲೇ, "ಹಾಗಾದ್ರೆ ತೆಗೀಲಿ, ಮೊದಲು ತೆಗೀಲಿ. ಹಿತ್ತಲಿನ ಕರಿಬೇವಿನ ಗಿಡ ಆ ಕಡೆ ಹೋಗಿದೆ, ಒಗ್ಗರಣೆಗೆ ಬೀದಿಗೆ ಓಡೋ ಹಾಗಾಗಿದೆ" ಎಂದರು. ಮೂವರೂ ನಕ್ಕೆವು. ನಗುತ್ತಲೇ ಒತ್ತಿದೆ. ಖಂಡಿತವೇ ಎಂದು ಇನ್ನೊಮ್ಮೆ ಕೇಳಿತು. "ಖಂಡಿತ!" ಎಂದು ಶಾಸ್ತ್ರಿಗಳೇ ಆಶೀರ್ವಾದದ ಧಾಟಿಯಲ್ಲಿ ಹೇಳಿದರು. ಮತ್ತೆ ಒತ್ತಿದೆ. ನೆತ್ತಿಯ ಗಡಿಯಾರದಲ್ಲಿ ಆಗ ನಾಲ್ಕು ನಲವತ್ತು.

ಅದರ ಅರ್ಥ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಡಿಸ್ಕಿನ ಭಾಗಗಳನ್ನು ತೆಗೆದರೆ ಅವುಗಳೊಳಗೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ; ಶನಿವಾರವಷ್ಟೇ ಅದರ ಮೇಲೆ ಭಾಷಣ ಮಾಡಿದ್ದೆ. ಆದರೆ ಆ ಒಂದು ಗಳಿಗೆ ಆ ಪದ ನನಗೆ ಕಂಪ್ಯೂಟರಿನ ಪದವಾಗಿ ಕೇಳಿಸಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನ ಪದವಾಗಿ, ನಮ್ಮ ಅಂಗಳದ ಪದವಾಗಿ ಕೇಳಿಸಿತು. ತೆಗೆದುಹಾಕಿದರೆ ಮನೆ ಒಂದಾಗುತ್ತದೆ, ಯಾರಿಗೂ ಏನೂ ನಷ್ಟವಿಲ್ಲ ಎಂಬಂತೆ ಕೇಳಿಸಿತು. ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ಬೆಳೆಯತೊಡಗಿತು. ನೂರಕ್ಕೆ ಮೂರು, ನೂರಕ್ಕೆ ಏಳು. ಹನ್ನೆರಡಕ್ಕೆ ಬಂದಾಗ ಏನು ಒತ್ತಿದ್ದೇನೆಂದು ನನಗೆ ಹೊಳೆಯಿತು.

ನಿಜವಾಗಿ ನಾಚಿಕೆಯ ಭಾಗ ಇದು. ಪ್ಲಗ್ಗು ನನ್ನ ಕಾಲ ಬಳಿಯೇ ಇತ್ತು. ಕಿತ್ತಿದ್ದರೆ ಸ್ವಲ್ಪವಾದರೂ ಉಳಿಯುತ್ತಿತ್ತೋ ಏನೋ, ಇಂದಿಗೂ ನನಗೆ ಗೊತ್ತಿಲ್ಲ. ನಾನು ಕೀಳಲಿಲ್ಲ. ಏಕೆಂದರೆ ಶಾಸ್ತ್ರಿಗಳು ಪಕ್ಕದಲ್ಲಿ ಕೂತು, "ಎಷ್ಟು ಚಂದ ಬೆಳೀತಿದೆಯಲ್ಲ!" ಎಂದು ಪಟ್ಟಿಯನ್ನು ಮೆಚ್ಚುತ್ತಿದ್ದರು. ಅವರ ಎದುರಿಗೆ ಪ್ಲಗ್ಗು ಕೀಳುವ ಮೇಷ್ಟ್ರಾಗುವುದಕ್ಕಿಂತ ಸುಮ್ಮನೆ ಕೂತು ಇನ್ನೂರು ಮನೆಗಳ ಪಿತೃಗಳನ್ನು ಅಳಿಸುವುದು ನನಗೆ ಸುಲಭವಾಯಿತು. ಆ ಪಟ್ಟಿ ನನ್ನ ಕಣ್ಣ ಮುಂದೆ ನೂರಕ್ಕೆ ನೂರಾಗುವವರೆಗೂ ತಲೆ ಆಡಿಸುತ್ತ ಕೂತಿದ್ದೆ.

ಪುಟ್ಟಸ್ವಾಮಿ ಬಂದು ವೈರು ಸಿಕ್ಕಿಸಿದ. ವಿಧಿಯ ತಮಾಷೆ ನೋಡಿ, ಪ್ರಿಂಟರ್ ಮೊದಲ ಸಲಕ್ಕೇ ಕಿರ್ರೆಂದು ಓಡಿ ಪರೀಕ್ಷೆಯ ಹಾಳೆಯೊಂದನ್ನು ಹೊರಗೆ ಹಾಕಿತು. "ಕೂಡಿ ಬಂತು! ಸಾಲಾವಳಿ ಕೂಡಿ ಬಂತು!" ಎಂದು ಶಾಸ್ತ್ರಿಗಳು ಚಪ್ಪಾಳೆ ತಟ್ಟಿದರು. ಪುಟ್ಟಸ್ವಾಮಿ ಮಾತ್ರ ಪರದೆಯನ್ನು ನೋಡಿದ, ಮೌಸನ್ನು ಅಲ್ಲಿ ಇಲ್ಲಿ ಆಡಿಸಿದ, ನನ್ನ ಮುಖ ನೋಡಿದ. ಕಮಲಮ್ಮನವರು ಕಾಫಿ ತರಲು ಒಳಗೆ ಹೋದಾಗ ಬಗ್ಗಿ ಪಿಸುಗುಟ್ಟಿದ: "ಪ್ರಿಂಟ್ರೇನೋ ಓಡ್ತು ಸಾ. ಪ್ರಿಂಟ್ ತೆಗ್ಯಕೆ ಒಳಗೆ ಏನ್ ಅದೆ?"

ಮೇಜಿನ ಕೆಳಗೆ ಅವನ ಕಾಲನ್ನು ತುಳಿದೆ. ಆಮೇಲೆ ಎದ್ದು ನಿಂತು, ತರಗತಿಯಲ್ಲಿ ಮಾತಾಡುವ ದನಿಯಲ್ಲಿ, "ಹೊಸದಲ್ಲವೇ ಶಾಸ್ತ್ರಿಗಳೇ, ಎರಡು ದಿನ ಹೊಂದಿಕೊಳ್ಳಲಿ. ಅಲ್ಲಿಯವರೆಗೆ ಮುಟ್ಟಬೇಡಿ" ಎಂದೆ. ಇಡೀ ಜೀವಮಾನದಲ್ಲಿ ನಾನು ಹೇಳಿದ ಅತ್ಯಂತ ಕೆಟ್ಟ ಸುಳ್ಳು ಅದು. ಯಾಕೆ ಎಂದು ನನಗೇ ಗುರುವಾರದವರೆಗೆ ತಿಳಿಯಲಿಲ್ಲ. ಬೀದಿಗೆ ಬಂದ ಮೇಲೆ ಪುಟ್ಟಸ್ವಾಮಿ ಒಂದು ಸಲವಾದರೂ ನಗುತ್ತಾನೆ, ಬಾತುಕೋಳಿ ಎಂದು ಆಡಿಕೊಳ್ಳುತ್ತಾನೆ ಎಂದು ಕಾದೆ. ಅವನು, "ಉಸಾರಾಗಿ ಓಗಿ ಸಾ" ಎಂದಷ್ಟೇ ಹೇಳಿ ಅಂಗಡಿಗೆ ನಡೆದ. ವಾದದಲ್ಲಿ ಗೆದ್ದವನು ಗೆದ್ದೆನೆಂದು ಹೇಳದಿದ್ದರೆ ಸೋತವನಿಗೆ ಎಷ್ಟು ಕಷ್ಟವಾಗುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು.

ಸೋಮ, ಮಂಗಳ, ಬುಧ ಮೂರು ದಿನವೂ ನಾನು ಶಾಸ್ತ್ರಿಗಳ ಬೀದಿ ಬಿಟ್ಟು ಹಿಂದಿನ ಓಣಿಯಿಂದ ಕಾಲೇಜಿಗೆ ಹೋದೆ. ಮಲಗಿದರೆ ನಿದ್ದೆಯಿಲ್ಲ, ಕಣ್ಣು ಮುಚ್ಚಿದರೆ ಪಟ್ಟಿ ಎಡದಿಂದ ಬಲಕ್ಕೆ ಬೆಳೆಯುತ್ತಿತ್ತು. ಗುರುವಾರ ಹೂ ತರಲು ಹೋಗಿದ್ದ ನನ್ನ ಹೆಂಡತಿ ಜಯಾ ಬಂದು ಹೇಳಿದಳು: "ಶಾಸ್ತ್ರಿಗಳು ಸೋಮವಾರದಿಂದ ಊಟ ಬಿಟ್ಟಿದ್ದಾರಂತೆ ಕಣ್ರೀ. ಬರೀ ಹಾಲು. ಚನ್ನರಾಯಪಟ್ಟಣದವರು ಯಾರೋ ಫೋನ್ ಮಾಡಿ ಅವರ ತಾಯಿಯ ತಿಥಿ ಕೇಳಿದರಂತೆ. ನೀವು ಮುಟ್ಟಬೇಡಿ ಅಂದಿದ್ರಂತಲ್ಲ, ಇವರು ಒಂದು ಸಲ ನೋಡೋಣ ಅಂತ ಮುಟ್ಟಿದರಂತೆ, ಎಲ್ಲಾ ಹೊರಟುಹೋಯಿತಂತೆ. ಇಷ್ಟು ಮನೆಯ ಪಿತೃಗಳಿಗೆ ನನ್ನ ಕೈಯಾರೆ ದ್ರೋಹ ಮಾಡಿದೆ ಅಂತ ಪ್ರಾಯಶ್ಚಿತ್ತ ಹಿಡಿದು ಕೂತಿದ್ದಾರಂತೆ."

ನಾನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ನನ್ನ ಎರಡು ದಿನದ ಸುಳ್ಳು ಎಪ್ಪತ್ತೆರಡು ವರ್ಷದ ಮುದುಕರ ಮೇಲೆ ನನ್ನ ತಪ್ಪನ್ನು ಹೊರಿಸಿ, ಉಪವಾಸಕ್ಕೂ ಕೂರಿಸಿತ್ತು.

ಶರ್ಟು ಹಾಕಿಕೊಂಡು ಹೋದೆ. ಶಾಸ್ತ್ರಿಗಳು ಕಂಪ್ಯೂಟರಿನ ಮುಂದೆಯೇ ಚಾಪೆ ಹಾಕಿ ಕೂತಿದ್ದರು. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ವಾಕ್ಯಗಳೆಲ್ಲ ಹೊಸ್ತಿಲಲ್ಲೇ ಬಿದ್ದುಹೋದವು. "ಶಾಸ್ತ್ರಿಗಳೇ, ನೀವು ಮುಟ್ಟಿದ್ದರಿಂದ ಹೋದದ್ದಲ್ಲ. ಭಾನುವಾರವೇ ಹೋಗಿತ್ತು. ನಾನೇ ಅಳಿಸಿದ್ದು. ಪಾರ್ಟಿಷನ್ ತೆಗೀತೀನಿ ಅಂದೆನಲ್ಲ, ಆಗ. ಗೊತ್ತಿದ್ದೂ ಸುಳ್ಳು ಹೇಳಿದೆ" ಎಂದೆ.

ಅವರು ಚಾಪೆಯ ಮೇಲೆಯೇ ನನ್ನ ಕಡೆ ತಿರುಗಿದರು. "ಅಂದ್ರೆ ನನ್ನ ಕೈಯಿಂದ ಅಲ್ಲ?"

"ಅಲ್ಲ."

"ಸರಿಯಾಗಿ ಹೇಳು. ನಾನು ಒತ್ತಿದ್ದಕ್ಕಲ್ಲ?"

"ಖಂಡಿತ ಅಲ್ಲ."

ಅವರು ಒಳಗಿನ ಕಡೆ ತಿರುಗಿ, "ಕಮಲೂ, ಎಲೆ ಹಾಕು" ಎಂದರು. ಒಂದು ಕ್ಷಣ ಬಿಟ್ಟು, "ಎರಡು ಹಾಕು. ಇವನ ಮುಖ ನೋಡಿದ್ರೆ ಉಪವಾಸ ಇದ್ದದ್ದು ನಾನಲ್ಲ ಇವನು ಅನ್ನಿಸುತ್ತೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲೇ ಇಲ್ಲ. ಕಮಲಮ್ಮನವರು ಮಾತ್ರ ಬಡಿಸುವಾಗ, "ಆರು ಗಂಟೆ ಕಳೀಲಿ ಅಂದೆ ನಾನು" ಎಂದು ಒಂದೇ ಮಾತು ಹೇಳಿದರು.

ಊಟದ ಮೇಲೆ ಪುಟ್ಟಸ್ವಾಮಿಯನ್ನು ಕರೆಸಿದೆವು. "ಸ್ವಾಮಿ, ಹೋದ ವರ್ಷ ನಾನೊಂದು ಫ್ಲಾಪಿ ಕೊಟ್ಟಿದ್ನಲ್ಲ, ಎಲ್ಲಾನೂ ಅದಕ್ಕೆ ಇಳಿಸಿ ಭದ್ರವಾಗಿ ಮಡಗಿ ಅಂತ?" ಎಂದ. ಶಾಸ್ತ್ರಿಗಳ ಮುಖ ಅರಳಿತು. ಇಳಿಸಿದ್ದರು! ಭದ್ರವಾಗಿಯೂ ಇಟ್ಟಿದ್ದರು! ದೇವರ ಮನೆಯಿಂದ ಬೆಳ್ಳಿಯ ತಟ್ಟೆಯಲ್ಲಿ ಎರಡು ಕೈಯಲ್ಲಿ ಹಿಡಿದು ತಂದರು. ಆಯುಧಪೂಜೆಯ ದಿನ ಅದಕ್ಕೆ ಗಂಧ ಹಚ್ಚಿ, ಕುಂಕುಮ ಇಟ್ಟು, ಅಕ್ಷತೆ ಹಾಕಿ, ತೀರ್ಥವನ್ನೂ ಪ್ರೋಕ್ಷಣೆ ಮಾಡಿದ್ದರು. ಲೋಹದ ಮುಚ್ಚಳ ಸರಿಸಿದರೆ ಒಳಗೆ ಒಂದು ಅಕ್ಕಿಕಾಳು ಅಂಟಿಕೊಂಡಿತ್ತು. ಪುಟ್ಟಸ್ವಾಮಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಸಲ ಕೆನ್ನೆ ಬಡಿದುಕೊಂಡು ಮತ್ತೆ ತಟ್ಟೆಗೇ ಇಟ್ಟ. "ಇದು ಈಗ ದೇವ್ರಾಗ್ಬುಟ್ಟದೆ ಸ್ವಾಮಿ. ಇದ್ರಿಂದ ಇನ್ ಏನೂ ಬರಾಕಿಲ್ಲ." ಡಿಸ್ಕನ್ನು ಬಿಚ್ಚಿ ಹಾಸನಕ್ಕೆ ಒಯ್ದು ಬಲ್ಲವರೊಬ್ಬರಿಗೆ ತೋರಿಸಿದ. ಅವರೂ ಆಗದು ಎಂದು ಕೈ ಆಡಿಸಿದರಂತೆ.

ಅದು ಆಷಾಢ. ಭಾದ್ರಪದದ ಪಿತೃಪಕ್ಷಕ್ಕೆ ಎರಡು ತಿಂಗಳಿತ್ತು. ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆಯ ದಿನ ಮಾಡುವ ಅವಕಾಶ ಶಾಸ್ತ್ರದಲ್ಲಿದೆ ಎಂದು ಶಾಸ್ತ್ರಿಗಳು ಸಮಾಧಾನ ಹೇಳಿದರು. ನನ್ನ ಕಣ್ಣಿಗೆ ಮೂರು ತಾಲ್ಲೂಕಿನ ಪಿತೃಗಳೆಲ್ಲ ಅಮಾವಾಸ್ಯೆಯ ದಿನ, ಗೌರಿ ಹಬ್ಬದ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ ಕೈಚೀಲ ಹಿಡಿದು ಸಾಲು ನಿಂತು, "ನಮಗೆ ಬೇರೆ ದಿನ ಇತ್ತು, ಮೇಷ್ಟ್ರು ತೆಗೆದುಹಾಕಿದ್ರು" ಎಂದು ನನ್ನ ಕಡೆ ಬೆರಳು ತೋರಿಸುವುದು ಕಂಡಿತು. ಮನೆಮನೆಗೂ ಹೋಗಿ ಕೇಳಿ ಬರೆದುಕೊಳ್ಳುತ್ತೇನೆ ಎಂದೆ. ಮನೆಗಳ ಹೆಸರನ್ನು ಶಾಸ್ತ್ರಿಗಳು ಬೀದಿಯ ಸಾಲಿನಂತೆ ಬಾಯಲ್ಲೇ ಹೇಳಿದರು. ಕಮಲಮ್ಮನವರು, ಗಂಡ ಯಾವ ಮನೆಯ ಶ್ರಾದ್ಧದ ದಿನ ಎಷ್ಟು ತಡವಾಗಿ ಬಂದು ಯಾಕೆ ಜಗಳವಾಯಿತು ಎಂಬ ಲೆಕ್ಕದಿಂದಲೇ ಮೂವತ್ತು ತಿಥಿ ಹೇಳಿಬಿಟ್ಟರು. ಉಳಿದದ್ದು ನನ್ನ ಪಾಲಿಗೆ. ಪುಟ್ಟಸ್ವಾಮಿ, "ಬಸ್ಸಲ್ಲಿ ಓದ್ರೆ ದೀಪಾವಳಿ ಆಯ್ತದೆ ಸಾ, ಹತ್ತಿ" ಎಂದು ತನ್ನ ಬೈಕು ತಂದ.

ಅಪರಿಚಿತರ ಬಾಗಿಲು ತಟ್ಟಿ "ನಿಮ್ಮ ತಂದೆ ಯಾವಾಗ ಹೋದರು?" ಎಂದು ಕೇಳುವುದಕ್ಕೆ ಯಾವ ಕಾಲೇಜಿನಲ್ಲೂ ತರಬೇತಿ ಕೊಡುವುದಿಲ್ಲ. ಅರಕಲಗೂಡಿನಲ್ಲಿ ಒಬ್ಬರು, "ಹೋದರಾ? ಎಲ್ಲಿಗೆ? ಈಗ ತಾನೇ ಉಪ್ಪಿಟ್ಟು ತಿಂದು ಮಲಗಿದ್ದಾರೆ" ಎಂದರು. ಒಳಗಿನಿಂದ ಮುದಿದನಿಯೊಂದು, "ಯಾರೋ ಅದು?" ಎಂದು ಕೇಳಿತು. ಮಗ ಸಾವಧಾನವಾಗಿ, "ಶಾಸ್ತ್ರಿಗಳ ಕಡೆಯವರಂತೆ ಅಪ್ಪಾ. ನೀನು ಯಾವಾಗ ಹೋದೆ ಅಂತ ವಿಚಾರಿಸೋಕೆ ಬಂದಿದ್ದಾರೆ" ಎಂದ. ಶಾಸ್ತ್ರಿಗಳು ಚಿಕ್ಕಪ್ಪನನ್ನೂ ತಂದೆಯನ್ನೂ ಅದಲುಬದಲು ಮಾಡಿದ್ದರು. ಪುಟ್ಟಸ್ವಾಮಿ ಅಷ್ಟು ಹೊತ್ತಿಗೆ ಬೈಕು ಶುರು ಮಾಡಿದ್ದ. ರಾಮನಾಥಪುರದ ವ್ಯಾಪಾರಿ, "ನಾನು ಕೊಟ್ಟ ಹಸು ಹಾಲು ಕೊಡ್ತಾ ಇದೆ ತಾನೇ?" ಎಂದು ಕೇಳಿದರು. "ಕೊಡ್ತಾ ಇದೆ" ಎಂದೆ. ಸುಳ್ಳು ಬಿಟ್ಟೆನೆಂದು ನಾನು ಎಲ್ಲಿಯೂ ಹೇಳಿಲ್ಲ.

ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಅಣ್ಣ ತಾಯಿಯದು ಪಂಚಮಿ ಎಂದ. ಎದುರು ಮನೆಯಲ್ಲೇ ಇದ್ದ ತಮ್ಮ ಷಷ್ಠಿ ಎಂದ. ಭಾಗವಾದ ಮೇಲೆ ಇಬ್ಬರೂ ಬೇರೆ ಬೇರೆ ದಿನ ಬೇರೆ ಬೇರೆ ಮಾಡುತ್ತಿದ್ದರಂತೆ. ಪುಸ್ತಕದಲ್ಲಿ ಏನಿತ್ತು ಎಂದು ಇಬ್ಬರೂ ನನ್ನನ್ನೇ ಪಂಚಾಯ್ತಿಗೆ ಕೂರಿಸಿದರು. ಇದ್ದದ್ದು ಅದೊಂದೇ ಸಾಕ್ಷಿ, ಅದು ಹೊಳೆಯಲ್ಲಿತ್ತು. ಅದೇ ಬೀದಿಯ ಕೊನೆಯಲ್ಲಿ ಒಬ್ಬ ಅಜ್ಜಿ ಗಂಡನ ತಿಥಿ ಹೇಳಿ ಮುಗಿಸಿದ ಮೇಲೂ ನಮ್ಮನ್ನು ಬಿಡಲಿಲ್ಲ. ಅವತ್ತು ಬೆಳಿಗ್ಗೆ ಅವರು ಏನು ತಿಂದರು, ಯಾವ ಪಂಚೆ ಉಟ್ಟಿದ್ದರು, ಬಚ್ಚಲಿನಿಂದ ಅವಳನ್ನು ಹೇಗೆ ಕೂಗಿದರು ಎಲ್ಲವನ್ನೂ ಹೇಳಿದಳು. "ಅವರ ವಿಷಯ ಯಾರಾದ್ರೂ ಕೇಳಿ ಎಷ್ಟು ವರ್ಷ ಆಗಿತ್ತೋ ಮಗು. ಕಾರ್ಡ್ ಬರ್ತಿತ್ತಲ್ಲ, ಕೇಳೋ ಅಗತ್ಯ ಯಾರಿಗೂ ಇರ್ಲಿಲ್ಲ" ಎಂದಳು. ಹೊರಗೆ ಬಂದು ಬೈಕು ಹತ್ತಿದೆವು; ಶ್ರವಣಬೆಳಗೊಳದ ತಿರುವಿನಲ್ಲಿ ಪುಟ್ಟಸ್ವಾಮಿ ವೇಗ ತಗ್ಗಿಸಿದ. ಆಮೇಲೆ ಅವನು, "ಸಾ, ಒಂದ್ ಮಾತು. ಕಿಟಕಿ ಆಗಿದ್ರೂ ಯಾವತ್ತಾರ ಒಂದಿನ ಓಗ್ತಿತ್ತು. ಡಿಸ್ಕು ಅಂದ್ಮೇಲೆ ಓಯ್ತದೆ" ಎಂದ. ಅವನು ನನಗೆ ಕೊಟ್ಟ ಅತಿ ದೊಡ್ಡ ಕ್ಷಮೆ ಅದು. ನಾನು ಹಿಂದೆ ಕೂತು ಲಿನಕ್ಸಿನ ಪರವಾಗಿ ಒಂದು ಮಾತೂ ಆಡಲಿಲ್ಲ.

ತಿಥಿ ಮರೆತವರು ತಾರೀಖು ಹೇಳಿದರೆ ಶಾಸ್ತ್ರಿಗಳ ಅಟ್ಟದ ಹಳೆಯ ಪಂಚಾಂಗಗಳಿಂದ ತಿಥಿ ಹುಡುಕಿದೆವು. 'ಯುಗಾದಿಗೆ ಇನ್ನು ನಾಲ್ಕು ದಿನ ಇತ್ತು' ಎಂದವರದನ್ನು ಹಿಂದಕ್ಕೆ ಎಣಿಸಿದೆವು. ಮಹಾಲಯಕ್ಕೆ ಮೂರು ದಿನ ಮೊದಲು ಹೊಸ ಪುಸ್ತಕ, ನನ್ನದೇ ಕೈಬರಹದಲ್ಲಿ, ಸಿದ್ಧವಾಯಿತು. ಪುಟ್ಟಸ್ವಾಮಿ 'ಹೆಚ್ಚಿಗೆ ಇರ್ಲಿ' ಎಂದು ಅದನ್ನು ಟೈಪು ಮಾಡಿ ಮೂರು ಪ್ರತಿ ತೆಗೆದ. ದಾನದ ಕಂಪ್ಯೂಟರ್ ಶಾಸ್ತ್ರಿಗಳ ನಡುಮನೆಯಲ್ಲಿ ಹಾಗೆಯೇ ಇದೆ. ನನ್ನ ಲಿನಕ್ಸ್ ಅದರಲ್ಲಿ ಆ ಭಾನುವಾರದಿಂದ ಒಂದು ಸಲವೂ ಸ್ತಬ್ಧವಾಗಿಲ್ಲ. ಸ್ಥಿರತೆಯ ವಿಷಯದಲ್ಲಿ ನಾನು ಹೇಳಿದ್ದು ಅಕ್ಷರಶಃ ನಿಜವಾಯಿತು. ಒಳಗೆ ಏನೂ ಇಲ್ಲದಿರುವುದರಿಂದ ಅದಕ್ಕೆ ನಿಲ್ಲಲು ಕಾರಣವೇ ಇಲ್ಲ.

ಪುಸ್ತಕವನ್ನು ಒಪ್ಪಿಸಿದ ದಿನ ಶಾಸ್ತ್ರಿಗಳು ಪುಟ ಪುಟವೂ ಬೆರಳಿಟ್ಟು ನೋಡಿದರು. ನನ್ನ ಹೆಸರಿನ ಮುಂದೆ ಬೆರಳು ನಿಂತಿತು. ಅಲ್ಲಿ ಖಾಲಿ ಇತ್ತು. ಇನ್ನೂರು ಮನೆ ಸುತ್ತಿದವನು ನನ್ನ ಮನೆಯನ್ನೇ ಬಿಟ್ಟಿದ್ದೆ.

"ಎಲ್ಲಿ ಮೇಷ್ಟ್ರೇ, ನಿಮ್ಮ ತಂದೆಯದು?"

"ಅದು... ಕಾರ್ತಿಕ..." ಎಂದೆ. ಮುಂದೆ ಏನೂ ಬರಲಿಲ್ಲ. ಒಂಬತ್ತು ವರ್ಷ ಅವರೇ ಎದುರಿಗೆ ಕೂತು ಸಂಕಲ್ಪ ಹೇಳಿಸಿದ್ದರು. ಒಂಬತ್ತು ವರ್ಷವೂ ಆ ತಿಥಿಯನ್ನು ನನ್ನ ಬಾಯಿಂದಲೇ ಹೇಳಿದ್ದೆ. ಒಂದು ವರ್ಷವೂ ಕೇಳಿಸಿಕೊಂಡಿರಲಿಲ್ಲ. "ನೀವೇ ಹೇಳಿ ಶಾಸ್ತ್ರಿಗಳೇ, ನಿಮಗೆ ನೆನಪಿರಬೇಕು" ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. "ನನಗೆ ನೆನಪಿದೆ. ಆದ್ರೆ ಹೇಳೋನಲ್ಲ. ಎಲ್ಲರ ಮನೆಯಲ್ಲೂ ಕೇಳಿದ್ಯಲ್ಲ, ಒಂದು ಮನೆ ಉಳಿದಿದೆ, ಹೋಗಿ ಕೇಳ್ಕೊಂಡು ಬಾ."

ನಮ್ಮಮ್ಮ ಅಡುಗೆಮನೆಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಜಯಾ ಪಕ್ಕದಲ್ಲಿದ್ದಳು. ಚಪ್ಪಲಿ ಬಿಟ್ಟು, ಹೊಸ ಮನೆಗೆ ಹೋದಾಗ ಮಾಡುತ್ತಿದ್ದ ಹಾಗೆ ಕೈಕಟ್ಟಿ ನಿಂತು ಕೇಳಿದೆ. ಅಮ್ಮ ತಲೆ ಎತ್ತಲಿಲ್ಲ. "ಕಾರ್ತಿಕ ಶುದ್ಧ ದ್ವಾದಶಿ" ಎಂದಳು. ಇನ್ನೆರಡು ಕಾಯಿ ಬಿಡಿಸಿ, "ಊರೆಲ್ಲ ತುಳಸಿ ಹಬ್ಬ ಮಾಡೋ ದಿನ. ಬೀದಿಯೆಲ್ಲ ದೀಪ ಹಚ್ಚಿರ್ತಾರೆ, ನಮ್ಮ ತುಳಸಿ ಕಟ್ಟೆಗೆ ಮಾತ್ರ ನೆಲ್ಲಿಕೊಂಬೆ ಕಟ್ಟಲ್ಲ. ಯಾಕಮ್ಮಾ ಅಂತ ಒಂದು ವರ್ಷ ಆದ್ರೂ ಕೇಳಿದ್ಯಾ?" ಎಂದಳು.

ಕೇಳಿರಲಿಲ್ಲ. ಪ್ರತಿವರ್ಷ ಆ ಸಂಜೆ, ಶನಿವಾರವಲ್ಲದಿದ್ದರೂ, ಆ ದೀಪಗಳ ನಡುವೆಯೇ ಪುಟ್ಟಸ್ವಾಮಿಯ ಅಂಗಡಿಗೆ ವಾದಕ್ಕೆ ಹೋಗುತ್ತಿದ್ದೆ.

ಆ ವರ್ಷದ ಕಾರ್ತಿಕದಲ್ಲಿ ನಮ್ಮ ಮನೆಗೆ ಕಾರ್ಡು ಬರಲಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ. ದ್ವಾದಶಿಯ ದಿನ ಶಾಸ್ತ್ರಿಗಳು ಸಂಕಲ್ಪಕ್ಕೆ ಬಾಯಿ ತೆರೆಯುವ ಮೊದಲೇ ತಿಥಿಯನ್ನು ನಾನೇ ಹೇಳಿದೆ. ಅವರು ದರ್ಭೆ ಸರಿಮಾಡಿಕೊಂಡರು. ಆ ರಾತ್ರಿ ಕಣ್ಣು ಮುಚ್ಚಿದರೆ ನೀಲಿ ಪಟ್ಟಿ ಬರಲಿಲ್ಲ. ನಾಲ್ಕು ತಿಂಗಳಿನಲ್ಲಿ ಮೊದಲ ಸಲ, ನಡುವೆ ಒಮ್ಮೆಯೂ ಏಳದೆ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದು ಶರ್ಟು ತೆಗೆಯಲು ಬೀರು ತೆರೆದರೆ, ಬಾಗಿಲ ಒಳಮೈಯಲ್ಲಿ ಜಯಾ ಸುಣ್ಣದ ಕಡ್ಡಿಯಿಂದ ದಪ್ಪ ಅಕ್ಷರದಲ್ಲಿ 'ಮಾವನವರದು, ಕಾರ್ತಿಕ ಶುದ್ಧ ದ್ವಾದಶಿ' ಎಂದು ಬರೆದಿದ್ದಳು. ಕೆಳಗೆ ಸ್ವಲ್ಪ ಸಣ್ಣಗೆ ಇನ್ನೊಂದು ಸಾಲು: 'ಇದನ್ನು ಇವರು ಮುಟ್ಟಬಾರದು.'